ಮಾತು ತಿರುಗುವ ಜಾಗ

ಶಿಕ್ಷಕಿ: ಸರ್, ಹತ್ತನೇ ಕ್ಲಾಸಿಗೆ ಇಂಗ್ಲಿಷ್ ಹೇಳ್ಲಕತ್ತೀನಿ. ಫಿಗರ್ಸ್ ಆಫ್ ಸ್ಪೀಚ್ ಬಂದ ಕೂಡ್ಲೇ ಪಾಠ ಮುಂದಕ್ಕ ಹೋಗವಲ್ಲದು. ಮಕ್ಕಳು ಪಟ್ಟಿ ಬಾಯಿಪಾಠ ಮಾಡ್ಯಾರ. ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್, ಹೈಪರ್ಬೊಲಿ ಅಂತ ಪಟಪಟ ಒಪ್ಪಿಸ್ತಾರ. ಪಟ್ಟಿಯಾಗಿಲ್ಲದ, ದಿನಾ ಕಿವಿಗೆ ಬೀಳೋ ಒಂದು ವಾಕ್ಯ ಕೊಟ್ರ ಪೆನ್ನು ಕೆಳಗಿಡ್ತಾರ. 'ಲೈಕ್' ಕಂಡಲ್ಲೆಲ್ಲ ಸಿಮಿಲಿ ಅಂತ ಬರೀತಾರ. 'ಐ ಲೈಕ್ ಮ್ಯಾಂಗೋಸ್' ಅನ್ನೋದಕ್ಕೂ ಹಂಗೇ ಬರದಾರ.

ಮಾಸ್ತರು: ನಿಮ್ಮ ಸಾಲಿ ಚಂದ್ರಂಪಳ್ಳಿ ಕಡೀಗಲ್ಲೇನು ತಂಗಿ?

ಶಿಕ್ಷಕಿ: ಹೌದ್ರೀ, ಡ್ಯಾಮಿನ ಬಾಜೂಕ. ಅರ್ಧ ಮಕ್ಕಳು ತಾಂಡಾದವ್ರು. ಮನ್ಯಾಗ ಲಂಬಾಣಿ, ಸಂತ್ಯಾಗ ತೆಲುಗು, ಗೆಳೆಯರ ಸಂಗಡ ಉರ್ದು, ಸಾಲ್ಯಾಗ ಕನ್ನಡ. ಇವೆಲ್ಲಾ ದಾಟಿ ಇಂಗ್ಲಿಷಿಗೆ ಬರಬೇಕು.

ಮಾಸ್ತರು: ಹಂಗಿದ್ರ ಅವರಿಗೆ ಇದು ಸರಳ ಆಗಬೇಕು. ನಾಕು ಭಾಷಾದಾಗ ಜಗಳಾಡಿ, ಚೌಕಾಸಿ ಮಾಡಿ ಬೆಳೆದ ಹುಡುಗರಿಗೆ ಮಾತು ಎಲ್ಲಿ ನೆಟ್ಟಗ ಹೋಗ್ತದ, ಎಲ್ಲಿ ತಿರುಗ್ತದ ಅನ್ನೋದು ಗೊತ್ತಿರ್ತದ. ನೀ ಮೊದಲು ಹೆಸರು ಕೇಳ್ತಿ. ಹೆಸರು ಕಡೀಕ ಕೇಳು. ಮಕ್ಕಳು ತಾವೇ ಬರೆದ ಒಂದು ಇಂಗ್ಲಿಷ್ ವಾಕ್ಯ ಹೇಳು ನೋಡೋಣ.

ಶಿಕ್ಷಕಿ: ಡ್ಯಾಮಿನ ಬಗ್ಗೆ ಐದು ವಾಕ್ಯ ಬರೀರಿ ಅಂದಿದ್ದೆ. ಒಬ್ಬಾಕಿ ಬರೆದಾಳ: 'ಇನ್ ಸಮ್ಮರ್ ದಿ ಡ್ಯಾಮ್ ಈಸ್ ಹಂಗ್ರಿ.' ವ್ಯಾಕರಣ ತಪ್ಪಿಲ್ಲ. ಆದ್ರ ಇದನ್ನ ಯಾರೂ ಆಕಿಗೆ ಕಲಿಸಿಲ್ಲ.

ಮಾಸ್ತರು: ಇದ್ರ ಮ್ಯಾಲೇ ಮೂರು ಪ್ರಶ್ನೆ ಕೇಳು. ವಾಕ್ಯ ಅಕ್ಷರಶಃ ಏನು ಹೇಳ್ತದ, ಅದು ಆಗೋ ಮಾತೇನು? ಡ್ಯಾಮಿಗೆ ಹಸಿವು ಅಂದ್ರ ಆಗೋ ಮಾತಲ್ಲ. ಅಲ್ಲಿ ಅರ್ಥ ಮುಗ್ಗರಿಸ್ತದ. ಮುಗ್ಗರಿಸಿದ್ದು ಯಾವುದನ್ನ ಹಿಡಕೊಂಡು ಏಳ್ತದ? ಖಾಲಿ ಹೊಟ್ಟಿ, ಖಾಲಿ ಡ್ಯಾಮು. ಒಳಗೆ ಸರಿದ ಹೊಟ್ಟಿ ಹಂಗ ತಳಕ್ಕ ಇಳಿದ ನೀರು. ಅದು ನಂಟು. ಇನ್ನ ಮೂರನೇದು: 'ಡ್ಯಾಮಿನಾಗ ನೀರಿಲ್ಲ' ಅಂತ ನೆಟ್ಟಗ ಬರೀಬಹುದಿತ್ತು, ಹಿಂಗ ಬರೆದದ್ದರಿಂದ ಏನು ಹೆಚ್ಚು ಸಿಕ್ತು?

ಶಿಕ್ಷಕಿ: ಡ್ಯಾಮು ಮಳಿಗೆ ಬಾಯಿ ತೆರೆದು ಕಾಯ್ಲಕತ್ತದ ಅನ್ನೋ ಭಾವನಾ ಬಂತು. ನೀರಿಲ್ಲ ಅಂದಿದ್ರ ಬರೀ ವರದಿ ಆಗ್ತಿತ್ತು.

ಮಾಸ್ತರು: ಆತಲ್ಲ. ಹನ್ನೊಂದನೇ ಶತಮಾನದಾಗ ಕಾಶ್ಮೀರದ ಮಮ್ಮಟ ಈ ಮೂರಕ್ಕೇ ಮುಖ್ಯಾರ್ಥಬಾಧೆ, ಸಂಬಂಧ, ಪ್ರಯೋಜನ ಅಂತ ಹೆಸರು ಕೊಟ್ಟ. ಮೀಮಾಂಸಕರು ಅದಕ್ಕೂ ಹಿಂದಿನಿಂದ ಒಂದು ಉದಾಹರಣಿ ಹೇಳ್ತಾ ಬಂದಾರ: ಗಂಗಿಯೊಳಗ ಹಳ್ಳಿ ಅದ. ನೀರಿನ ಮ್ಯಾಲ ಹಳ್ಳಿ ನಿಲ್ಲಲ್ಲ. ಹತ್ತಿರದ ದಂಡಿ ಅಂತ ತಿಳೀಬೇಕು. ದಂಡಿ ಅನ್ನದ ಗಂಗಿ ಅಂದದ್ದಕ್ಕ ಆ ಹಳ್ಳಿಯ ತಂಪು, ಪಾವಿತ್ರ್ಯ ಎರಡೂ ತಾವೇ ಬರ್ತಾವ. ನೀನು 'ಶಹಾಬಾದ್ ಈಸ್ ಆನ್ ದಿ ಕಾಗಿಣಾ' ಅಂತ ಬರೆದ್ರ ಅದೂ ಇದೇ ಜಾತಿ ವಾಕ್ಯ. ಮಮ್ಮಟನ ಹೆಸರು ತಗೊಂಡೆ ಅಂತ ಇದು ಕಾಶ್ಮೀರದ ವಿದ್ಯಾ ಅಂತ ತಿಳೀಬ್ಯಾಡ. ಚಿತ್ತಾಪುರದ ಬಾಜೂ ನಾಗಾವಿ ನೋಡೀದಿ?

ಶಿಕ್ಷಕಿ: ಯಲ್ಲಮ್ಮನ ಗುಡಿಗೆ ಹೋಗೀನ್ರೀ. ಹಳೇ ಗುಡಿಗಳೂ ನೋಡೀನಿ.

ಮಾಸ್ತರು: ಅಲ್ಲಿ ಘಟಿಕಾಸ್ಥಾನ, ಅಂದ್ರ ದೊಡ್ಡ ವಿದ್ಯಾಕೇಂದ್ರ, ಇತ್ತು. 1058ರ ಶಾಸನದಾಗ ಲೆಕ್ಕ ಅದ: ವೇದ ಓದೋರು 200 ಮಂದಿ, ಶಾಸ್ತ್ರ ಓದೋರು 52 ಮಂದಿ, ಪುಸ್ತಕ ಕಾಯಲಿಕ್ಕೆ ಆರು ಮಂದಿ ಸರಸ್ವತಿ ಭಂಡಾರಿಗರು. ಶಾಸ್ತ್ರ ಹೇಳೋರೊಳಗ ಭಾಟ್ಟ ದರ್ಶನದವ್ರೂ ಇದ್ರು, ಪ್ರಾಭಾಕರದವ್ರೂ ಇದ್ರು. ಈ ಎರಡು ಪಂಥಗಳ ದೊಡ್ಡ ಜಗಳಾನೇ ವಾಕ್ಯದ ಅರ್ಥ ಹ್ಯಾಂಗ ಹುಟ್ತದ ಅನ್ನೋದು. ಬಿಡಿ ಪದದ ಅರ್ಥ ಮೊದಲು ಬಂದು ಆಮ್ಯಾಲ ಕೂಡ್ತಾವೋ, ಕೂಡಿದ ಮ್ಯಾಲೇ ಪದಕ್ಕ ಅರ್ಥ ಬರ್ತದೋ? ನಿನ್ನ ಹುಡುಗರು 'ಹಂಗ್ರಿ' ಅನ್ನೋ ಪದದ ಮ್ಯಾಲ ಒದ್ದಾಡ್ತಾರಲ್ಲ, ಅದೇ ಪ್ರಶ್ನೆ ಹಿಡಕೊಂಡು ಅಲ್ಲಿ ಮಂದಿ ಕುಂತಿದ್ರು.

ಶಿಕ್ಷಕಿ: ನಿಮ್ಮ ಮಳಖೇಡ ಅದಕ್ಕೂ ಇನ್ನೂರು ವರ್ಷ ಹಿಂದಿಂದಲ್ರೀ.

ಮಾಸ್ತರು: ಕನ್ನಡದಾಗ ನಮ್ಮ ಕೈಗೆ ಸಿಕ್ಕ ಮೊದಲ ಪುಸ್ತಕ ಕಥೀದೂ ಅಲ್ಲ, ಪುರಾಣದ್ದೂ ಅಲ್ಲ, ಅಲಂಕಾರದ ಪುಸ್ತಕ. 'ಕವಿರಾಜಮಾರ್ಗ', ಸುಮಾರು 850. ಇದೇ ಕಾಗಿಣಾ ದಂಡಿಯ ಮಾನ್ಯಖೇಟದಾಗ, ಅಂದ್ರ ಈಗಿನ ಮಳಖೇಡದಾಗ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಆಳ್ತಿದ್ದ. ಬರೆದವ ಶ್ರೀವಿಜಯ, ರಾಜ ಒಪ್ಪಿದ್ದು ಅಂತ ಈಗ ಹೆಚ್ಚಿನ ಪಂಡಿತರು ಹೇಳ್ತಾರ. ಸಂಸ್ಕೃತದ ಆಲಂಕಾರಿಕ ದಂಡಿಯ 'ಕಾವ್ಯಾದರ್ಶ'ದ ಜಾಡು ಹಿಡಿದದ್ದು. ಮೂರು ಪರಿಚ್ಛೇದ: ದೋಷದ್ದೊಂದು, ಶಬ್ದಾಲಂಕಾರದ್ದೊಂದು, ಅರ್ಥಾಲಂಕಾರದ್ದೊಂದು. 1898ರಾಗ ಕೆ.ಬಿ. ಪಾಠಕರು ಸಂಪಾದಿಸಿ ಅಚ್ಚು ಹಾಕಿಸಿದ್ರು. ಓದು ಬರಹ ಇಲ್ಲದ ಮಂದಿಯೂ ಈ ನಾಡಿನಾಗ ಮಾತಿನ ಜಾಣರು ಅಂತ ಶ್ರೀವಿಜಯ ಹೇಳ್ಯಾನ. ನಿನ್ನ ತಾಂಡಾದ ಹುಡುಗಿಗೆ ಆ ಮಾತು ಇವತ್ತಿಗೂ ಸಲ್ತದ. ಇಂಗ್ಲಿಷಿನವರ ಕಡೆ ನೋಡು: 1589ರಾಗ ಪುಟನ್‌ಹ್ಯಾಮ್ ಅಂಬಾತ ಇಂಗ್ಲಿಷ್ ಕಾವ್ಯಕಲೆ ಮ್ಯಾಲ ಪುಸ್ತಕ ಬರೆದು, ಗ್ರೀಕ್ ಹೆಸರು ತನ್ನ ಮಂದಿಗೆ ತಿಳಿಯಲ್ಲಂತ ಎಲ್ಲಕ್ಕೂ ಮನೆಮಾತಿನ ಹೆಸರಿಟ್ಟ. ಹೈಪರ್ಬೊಲಿಗೆ 'ಜೋರು ದನಿಯ ಸುಳ್ಳುಗಾರ' ಅಂದ. ನಿನ್ನ ಮಕ್ಕಳಿಗೆ ಅದು ಹೇಳು, ಎಂದೂ ಮರೆಯಲ್ಲ.

ಶಿಕ್ಷಕಿ: ಆದ್ರ ಸರ್, ಪರೀಕ್ಷಾದಾಗ ಹೆಸರೇ ಕೇಳ್ತಾರ. ಆ ಹುಡುಗಿ ವಾಕ್ಯ ಪರ್ಸಾನಿಫಿಕೇಶನ್ ಅಂತ ಬರೆದ್ರ ಒಂದು ಮಾರ್ಕು.

ಮಾಸ್ತರು: ಬರೀಲಿ. ಆದ್ರ ನೀನು ತಿಳಕೊಂಡಿರು: ದಂಡಿ ಇದನ್ನ ಅಲಂಕಾರದಾಗ ಸೇರಿಸಲೇ ಇಲ್ಲ. ಒಂದರ ಧರ್ಮ ಇನ್ನೊಂದರ ಮ್ಯಾಲ ಇಡೋದಕ್ಕ ಸಮಾಧಿ ಅನ್ನೋ ಗುಣ ಅಂದ, ಕಾವ್ಯದ ಸರ್ವಸ್ವವೇ ಅದು ಅಂದ. ಒಂದೇ ವಾಕ್ಯ, ಒಬ್ಬರ ಪಟ್ಟಿಯಾಗ ಒಂದು ಕೋಣಿ, ಇನ್ನೊಬ್ಬರ ಪಟ್ಟಿಯಾಗ ಮತ್ತೊಂದು. ಹೆಸರು ಊರಿಂದ ಊರಿಗೆ ಬದಲಾಗ್ತದ, ಆ ಮೂರು ಪ್ರಶ್ನೆ ಬದಲಾಗಲ್ಲ.

ಶಿಕ್ಷಕಿ: ಸಿಮಿಲಿ ಕಥಿ ಹೇಳ್ರಿ. 'ಲೈಕ್', 'ಆಸ್' ಹುಡುಕಿ ವರ್ತುಲ ಹಾಕೋದೇ ಅವರ ಉಪಾಯ.

ಮಾಸ್ತರು: ಅವರೇ ಕನ್ನಡ ಪೇಪರಿನಾಗ ಉಪಮೇಯ, ಉಪಮಾನ, ವಾಚಕ ಪದ, ಸಮಾನ ಧರ್ಮ ಅಂತ ನಾಕು ಸಾಲು ಬರೆದು ಸಮನ್ವಯ ಮಾಡ್ತಾರ. ಆ ನಾಕು ಸಾಲು ಇಂಗ್ಲಿಷ್ ಪೀರಿಯಡ್ಡಿಗೆ ಯಾಕ ತರಂಗಿಲ್ಲ? 'ಹಿಸ್ ಹಾರ್ಟ್ ಈಸ್ ಆಸ್ ಹಾರ್ಡ್ ಆಸ್ ಸ್ಟೋನ್' ಅಂದ್ರ ನಾಕೂ ಕಣ್ಣಿಗೆ ಕಾಣ್ತಾವ. 'ಲೈಕ್ ಸ್ಟೋನ್' ಅಂದ್ರ ಸಮಾನ ಧರ್ಮ ಬಿಟ್ಟೋಯ್ತು. ವಾಚಕ ಪದಾನೂ ತೆಗೆದ್ರ ರೂಪಕ. ಕಲಬುರಗಿ ಕರ್ನಾಟಕದ 'ತೂರ್ ಬೌಲ್' ಅಂತ ಇಂಗ್ಲಿಷ್ ಪೇಪರಿನವರು ಬರೀತಾರ, ಕನ್ನಡದವರು ತೊಗರಿ ಕಣಜ ಅಂತಾರ. ಜಿಲ್ಲಾ ಉಪಮೇಯ, ಕಣಜ ಉಪಮಾನ. ಉಳಿದೆರಡು ಓದೋರ ತಲ್ಯಾಗ. ಈ ಎರಡು ಭಾಗಕ್ಕ ಇಂಗ್ಲಿಷಿನಾಗ ಗಟ್ಟಿ ಹೆಸರು ಇಲ್ಲ ಅಂತ ಐ.ಎ. ರಿಚರ್ಡ್ಸ್ 1936ರಾಗ ಟೆನರ್, ವೆಹಿಕಲ್ ಅಂತ ಇಟ್ಟ. ನಮ್ಮ ಹತ್ತನೇ ಕ್ಲಾಸಿನ ಹುಡುಗನ ಹತ್ರ ಆ ಹೆಸರು ಮೊದಲಿಂದ ಅವ. ಉಪಯೋಗಿಸು ಅಂತ ಯಾರೂ ಹೇಳಿಲ್ಲ, ಅಷ್ಟೇ.

ಶಿಕ್ಷಕಿ: 'ಹಿ ಡ್ರೈವ್ಸ್ ಲೈಕ್ ಹಿಸ್ ಫಾದರ್' ಅಂತ ಕೊಟ್ಟಿದ್ದೆ. ಎಲ್ಲಾರೂ ಸಿಮಿಲಿ ಅಂದ್ರು. ಗಾಡಿ ಹೊಡಿಯೋ ಮಗ, ಗಾಡಿ ಹೊಡಿಯೋ ಅಪ್ಪ, ವಾಚಕ ಪದ ಅದ, ಸಮಾನ ಧರ್ಮ ಅದ. ಅಲ್ಲ ಅಂತ ಹ್ಯಾಂಗ ಹೇಳ್ಲಿ?

ಮಾಸ್ತರು: ಶಾಸ್ತ್ರದಾಗ ಅದಕ್ಕೊಂದು ಹಳೇ ವಾಕ್ಯ ಅದ: ಕಾಡುದನ ಆಕಳ ಹಂಗ ಇರ್ತದ. ನಾಕೂ ಅಂಗ ಸರಿ, ಆದ್ರೂ ಉಪಮಾಲಂಕಾರ ಅಲ್ಲ. ಗುರುತು ಹೇಳಲಿಕ್ಕೆ ಹೋಲಿಸಿದ್ದು, ಅಲ್ಲಿ ಚಮತ್ಕಾರ ಇಲ್ಲ. ನಿನ್ನ ಅಪ್ಪ-ಮಗನದೂ ಹಂಗೇ, ಎರಡೂ ಒಂದೇ ಜಾತಿ. 'ಹಿ ಡ್ರೈವ್ಸ್ ಲೈಕ್ ಎ ಸ್ಟಾರ್ಮ್' ಅನ್ನು, ಜಾತಿ ದಾಟ್ತದ. ಮೊದಲ ಪ್ರಶ್ನೆ ಹಾಕಿದ್ರ ಅಲ್ಲೇ ಸಿಗ್ತದ. ಅಪ್ಪನ ಹಂಗ ಗಾಡಿ ಹೊಡೀತಾನ ಅನ್ನೋದು ಅಕ್ಷರಶಃ ಆಗೋ ಮಾತೇ. ಎಲ್ಲೂ ಮುಗ್ಗರಿಸಲ್ಲ.

ಶಿಕ್ಷಕಿ: ಮೆಟಾನಮಿ ಅಂದ್ರ ಮಾತ್ರ ನನಗೂ ಉದಾಹರಣಿ ತಟ್ಟನ ಬರಲ್ಲ. ಪುಸ್ತಕದಾಗ ಕಿರೀಟ ಅಂದ್ರ ರಾಜ ಅಂತದ. ನಮ್ಮ ಮಕ್ಕಳು ಕಿರೀಟ ನಾಟಕದಾಗ ನೋಡಿದ್ದಷ್ಟೇ.

ಮಾಸ್ತರು: ನಿಮ್ಮ ಸಾಲಿ ನೆಲಕ್ಕ ಏನು ಹಾಸ್ಯಾರ?

ಶಿಕ್ಷಕಿ: ಪರಸಿ. ಶಹಾಬಾದಿ.

ಮಾಸ್ತರು: ನೋಡು, ಬಾಯಾಗೇ ಅದ. ಊರ ಹೆಸರು ಹೇಳಿದಿ, ನಾ ಕಲ್ಲು ಅಂತ ತಿಳಕೊಂಡೆ. ಪುಣಾ, ಸೊಲ್ಲಾಪುರದಾಗೂ ಮನಿಗೆ ಶಹಾಬಾದಿ ಹಾಕಿಸೀವಿ ಅಂತಾರ, ಅವರು ಶಹಾಬಾದ್ ಊರು ನೋಡಿರಲ್ಲ. ಇಂಗ್ಲಿಷಿನಾಗ ಪಿಂಗಾಣಿ ಬಟ್ಟಲಿಗೆ 'ಚೈನಾ' ಅಂದಂಗ. ಹೋಲಿಕಿ ಇಲ್ಲಿ ಚೂರೂ ಇಲ್ಲ. ಕಲ್ಲಿಗೂ ಊರಿಗೂ ಇರೋದು ಹುಟ್ಟಿದ ಜಾಗದ ನಂಟು. ಮೆಟಫರಿನಾಗ ನಂಟು ಹೋಲಿಕಿಯಿಂದ, ಮೆಟಾನಮಿಯಾಗ ಬ್ಯಾರೆ ಯಾವುದರಿಂದಾದ್ರೂ. ಎರಡನೇ ಪ್ರಶ್ನೆ ಇದನ್ನ ಬೇರ್ಪಡಿಸಿ ಕೊಡ್ತದ. 'ಇಡೀ ಊರು ಜಾತ್ರಿಗೆ ಬಂದದ', 'ಎರಡು ಗ್ಲಾಸು ಕುಡಿದೆ', 'ಫ್ಯಾಕ್ಟರಿ ಊಟಕ್ಕ ಬಿಟ್ಟದ', ವಾಡಿ ಸೇಡಂ ಹುಡುಗರು ದಿನಾ ಹೇಳೋ ಮಾತು. ಇವನ್ನೇ ಇಂಗ್ಲಿಷಿಗೆ ತಿರುಗಿಸಿ ಕೊಡು.

ಶಿಕ್ಷಕಿ: ವಾಡಿ ಅಂದ್ರಿ, ನೆನಪಾಯ್ತು. ಜಂಕ್ಷನ್ನಿನಾಗ ಗಾಡಿ ತಡ ಆದಾಗ ಮೈಕಿನಾಗ ಹೇಳ್ತಾರಲ್ಲ, 'ದಿ ಇನ್‌ಕನ್ವೀನಿಯನ್ಸ್ ಕಾಸ್ಡ್ ಈಸ್ ಡೀಪ್ಲಿ ರಿಗ್ರೆಟೆಡ್.' ಇದರಾಗ ಫಿಗರ್ ಅದ ಅಂತ ಒಬ್ಬ ಹುಡುಗ ವಾದ ಮಾಡ್ದ. 'ಡೀಪ್' ಬಾವಿಗಿರ್ತದ, ಬೇಜಾರಿಗೆ ಹ್ಯಾಂಗ ಇರ್ತದ ಮೇಡಂ ಅಂದ.

ಮಾಸ್ತರು: ಭೇಷ್! ಎಲ್ಲರೂ ಕೇಳಿ ಕಿವಿ ಸವೆದು ಹೋದ ವಾಕ್ಯದಾಗ ಆತ ಮೊದಲ ಪ್ರಶ್ನೆ ಹಾಕ್ಯಾನ. ಅರ್ಥ ಮುಗ್ಗರಿಸ್ತದ, ನಂಟೂ ಅದ, ಕೆಳಗೆ ಇಳಿದಷ್ಟೂ ಕಾಣದಂತಿರೋದು ಎರಡಕ್ಕೂ ಸಾಮಾನ್ಯ. ಮೂರನೇ ಪ್ರಶ್ನೆಗೆ ಬಂದ್ರ ಮಾತ್ರ ಕೈ ಖಾಲಿ. ಆ 'ಡೀಪ್ಲಿ'ಯಿಂದ ಕೇಳೋರಿಗೆ ಈಗ ಏನೂ ಹೆಚ್ಚು ಸಿಗಲ್ಲ. ರೂಢಿ ಆಗಿ ಹೋಗ್ಯಾದ. ಇಂಥದಕ್ಕ ನಮ್ಮವರು ನಿರೂಢ ಲಕ್ಷಣಾ ಅಂದ್ರು. ಕುಶಲ ಅಂದ್ರ ಮೊದಲು ದರ್ಭೆ ಕೊಯ್ಯೋನು ಅಂತಾರ, ಕೈ ಕೊಯ್ಕೊಳ್ಳದ ಹಂಗ ಕೊಯ್ಯೋ ಜಾಣ. ಈಗ ಬರೀ ಜಾಣ, ದರ್ಭೆ ಯಾರಿಗೂ ನೆನಪಿಲ್ಲ. ಮೇಜಿನ ಕಾಲು, ಗಡಿಯಾರದ ಮುಳ್ಳು, ಎಲ್ಲಾ ಇದೇ ಸಾಲಿನವು.

ಶಿಕ್ಷಕಿ: ಹಂಗಾದ್ರ ಆ ಹುಡುಗಗ ಮಾರ್ಕ್ ಕೊಡಬೇಕೋ ಬ್ಯಾಡೋ?

ಮಾಸ್ತರು: ಕೊಡಬೇಕು. ಸವೆದದ್ದು ಅಂತ ಆತನೇ ಹೇಳಿದ್ರ ಇನ್ನೂ ಹೆಚ್ಚು ಕೊಡಬೇಕು.

ಶಿಕ್ಷಕಿ: ಹೈಪರ್ಬೊಲಿ ಸುಲಭ ಅನಸ್ತದ್ರೀ. 'ಐ ಟೋಲ್ಡ್ ಯೂ ಎ ಥೌಸಂಡ್ ಟೈಮ್ಸ್.'

ಮಾಸ್ತರು: ಸುಲಭ, ಆದ್ರ ಒಂದು ಎಚ್ಚರಿಕಿ. ಮಳಖೇಡಕ್ಕ ಬಂದು 'ದಿಸ್ ಟೌನ್ ಈಸ್ ಎ ಥೌಸಂಡ್ ಇಯರ್ಸ್ ಓಲ್ಡ್' ಅಂದ್ರ ಅದು ಅತಿಶಯೋಕ್ತಿ ಅಲ್ಲ. ಪರಮಾರ ಸೀಯಕ ಈ ಊರು ಸುಲಿಗಿ ಮಾಡಿದ್ದೇ 972ರಾಗ. ಸಾವಿರ ಅಂದ್ರ ಕಡಿಮಿನೇ ಆತು. ಸಂಖ್ಯಾ ನೋಡಿ ಅಲಂಕಾರ ಅನ್ನೋರು ಲೋಕ ನೋಡಿರಲ್ಲ. ಇನ್ನ ಅದರ ಉಲ್ಟಾ, ಲೈಟೊಟೀಸ್ ಅಂತಾರಲ್ಲ, ಅದಕ್ಕ ನಮ್ಮ ಮಂದಿಗಿಂತ ಉದಾಹರಣಿ ಬೇಕೇನು? ಊಟ ಹ್ಯಾಂಗದ ಅಂತ ಬೀಗರಿಗೆ ಕೇಳು, 'ಅಡ್ಡಿಯಿಲ್ಲ' ಅಂತಾರ. ಚಲೋ ಅದ ಅಂತ ಬಾಯಿ ಬಿಡಂಗಿಲ್ಲ. 'ನಾಟ್ ಬ್ಯಾಡ್' ಅದೇ. 'ಭಾಳ ಶಾಣ್ಯಾ ಇದ್ದಿ' ಅಂತ ಅವ್ವ ಬೈದದ್ದು ಐರನಿ. ಅದಕ್ಕ ದನಿ ಬೇಕು, ಅಚ್ಚಿನಾಗ ದನಿ ಇರಲ್ಲ, ಹಿಂದಿನ ಸಾಲು ಕೊಡದ ಐರನಿ ಪ್ರಶ್ನೆ ಕೇಳಬಾರದು.

ಶಿಕ್ಷಕಿ: ಇದೆಲ್ಲಾ ಮಾರ್ಕಿನ ಸಂಬಂಧ ಆಯ್ತು. ಮಕ್ಕಳು ಕೇಳ್ತಾರ, ಇದು ಗೊತ್ತಿದ್ರ ಏನು ಉಪಯೋಗ ಮೇಡಂ ಅಂತ.

ಮಾಸ್ತರು: ಶಹಾಬಾದಿನ ಹತ್ತಿರ ಮರತೂರ ಅದ. 'ಮಿತಾಕ್ಷರಾ' ಬರೆದ ವಿಜ್ಞಾನೇಶ್ವರನ ಊರು. ಆತನ ಮುಂದ ಒಂದು ಪದ ಇತ್ತು: ಸಪಿಂಡ. ಆಸ್ತಿ ಯಾರಿಗೆ ಹೋಗಬೇಕು, ಯಾರು ಯಾರನ್ನ ಮದುವಿ ಆಗಬಾರದು, ಎರಡೂ ಈ ಪದದ ಮ್ಯಾಲ ನಿಂತಿದ್ವು. ಪಿಂಡ ಅಂದ್ರ ಶ್ರಾದ್ಧದಾಗ ಇಡೋ ಅನ್ನದ ಉಂಡಿ, ಉಂಡಿ ಇಡೋ ಅಧಿಕಾರ ಇದ್ದವನೇ ಹತ್ತಿರದವ ಅಂತ ಬಂಗಾಳದ ಜೀಮೂತವಾಹನ ಹಿಡಿದ. ವಿಜ್ಞಾನೇಶ್ವರ ಪಿಂಡ ಅಂದ್ರ ದೇಹ ಅಂದ. ಒಂದೇ ದೇಹದ ಅಂಶ ಹಂಚಿಕೊಂಡವ್ರು ಸಪಿಂಡರು, ರಕ್ತ ಹತ್ತಿರ ಇದ್ದವನೇ ಹತ್ತಿರದವ. ಒಂದು ಪದ ಎತ್ತ ತಿರುಗಿತು ಅನ್ನೋದರ ಮ್ಯಾಲ ಬಂಗಾಳದಾಗ ಒಂದು ಕಾಯ್ದೆ, ಭಾರತದ ಉಳಿದ ಬಹಳಷ್ಟು ಕಡೆ ಇನ್ನೊಂದು ಕಾಯ್ದೆ ನಡೀತು. 1955ರ ಹಿಂದೂ ವಿವಾಹ ಕಾಯ್ದೆದಾಗೂ ಸಪಿಂಡ ಅನ್ನೋ ಪದ ಹಂಗೇ ಕುಂತದ. ಒಂದು ಕರಾರುಪತ್ರ, ಒಂದು ನೋಟೀಸು, ಒಂದು ಜಾಹೀರಾತು ಓದೋವಾಗ ಯಾವ ಪದ ಅಕ್ಷರಶಃ, ಯಾವುದು ತಿರುಗಿದ್ದು ಅಂತ ನಿಂತು ನೋಡೋ ಅಭ್ಯಾಸ ಅವರಿಗೆ ಬೇಕು. ಅವರ ಕೈಗೆ ಬರೋ ಅಂಥ ಕಾಗದ ಬಹಳಷ್ಟು ಇಂಗ್ಲಿಷಿನಾಗೇ ಇರ್ತಾವ.

ಶಿಕ್ಷಕಿ: ಇನ್ನೊಂದು ತೊಡಕು ಅದ. ಕೆಲವು ವಾಕ್ಯದಾಗ ಒಂದು ಪದಾನೂ ತಿರುಗಿರಲ್ಲ, ಆದ್ರೂ ಹೇಳೋದು ಬ್ಯಾರೇನೇ ಇರ್ತದ. 'ಇಟ್ ಈಸ್ ವೆರಿ ಹಾಟ್ ಇನ್ ಹಿಯರ್' ಅಂದ್ರ ಫ್ಯಾನ್ ಹಾಕು ಅಂತ. ಇದು ಯಾವ ಫಿಗರ್ ಅಂತ ಕೇಳಿದ್ರ ಏನು ಹೇಳ್ಲಿ?

ಮಾಸ್ತರು: 'ದಿ ಸನ್ ಹ್ಯಾಸ್ ಸೆಟ್' ಅನ್ನೋ ವಾಕ್ಯ ತಗೋ. ಹೊತ್ತು ಮುಳುಗಿತು. ಮಮ್ಮಟ ಇಷ್ಟೇ ಮಾತು ಹಿಡಕೊಂಡು ಕೇಳೋರು ಬದಲಾದಂಗ ಅರ್ಥ ಹ್ಯಾಂಗ ಬದಲಾಗ್ತದ ಅಂತ ತೋರಸ್ಯಾನ. ನಿಮ್ಮ ಕಡೀಗೆ ತಂದು ನೋಡು. ತೊಗರಿ ಕೊಯ್ಯೋ ಹೆಣ್ಣುಮಕ್ಕಳಿಗೆ ಕೂಲಿ ಬಿಡೋ ಹೊತ್ತು. ದನ ಕಾಯೋ ಹುಡುಗಗ ಕಾಡಿನ ಅಂಚಿಂದ ದನ ತಿರುಗಿಸೋ ಹೊತ್ತು. ರಮಜಾನಿನಾಗ ಉಪಾಸ ಬಿಡೋ ಹೊತ್ತು. ಚಿಂಚೋಳಿ ಬಸ್ಸು ಕಾಯೋನಿಗೆ ಇನ್ನ ಬಸ್ಸಿಲ್ಲ. ವಾಕ್ಯ ಅದೇ, ಒಂದಕ್ಷರ ಮುಗ್ಗರಿಸಿಲ್ಲ. ಇದು ಧ್ವನಿ. ಇದನ್ನ ಅಲಂಕಾರದ ಮ್ಯಾಲಿಟ್ಟು ಆನಂದವರ್ಧನ ಇಡೀ ಗ್ರಂಥ ಬರೆದ. ಹೆಚ್ಚು ಕಡಿಮಿ ಅದೇ ಕಾಲಕ್ಕ ಬಂದ ಕವಿರಾಜಮಾರ್ಗದಾಗ ಧ್ವನಿಯೂ ಒಂದು ಅಲಂಕಾರ. ನನಗ ಇಲ್ಲಿ ಆನಂದವರ್ಧನನ ಮಾತೇ ಸರಿ ಅನಸ್ತದ, ಆದ್ರ ಮಳಖೇಡದಾಗ ಕುಂತು ಕನ್ನಡದಾಗ ಆ ಪದ ಅಷ್ಟು ಮೊದಲೇ ಎತ್ತಿದ್ರಲ್ಲ, ಅದು ಸಣ್ಣ ಮಾತಲ್ಲ.

ಶಿಕ್ಷಕಿ: ಅಲಿಟರೇಶನ್ ಒಂದು ಉಳೀತು. 'ಸಿಟಿ', 'ಕ್ಯಾಟ್' ಎರಡೂ ಸಿ ಅಕ್ಷರ ಅಂತ ಅಲಿಟರೇಶನ್ ಅಂತಾರ. 'ನೈಫ್', 'ನೇಲ್' ಅಲ್ಲ ಅಂತಾರ, ಒಂದರಾಗ ಕೆ ಅದ ಅಂತ.

ಮಾಸ್ತರು: ಆ ವಾಕ್ಯ ಕನ್ನಡ ಅಕ್ಷರದಾಗ ಬರೆಸು. ಸ, ಕ ಬ್ಯಾರೆ ಅಂತ ಅಲ್ಲೇ ಕಾಣ್ತದ, ನೈ, ನೇ ಒಂದೇ ಅಂತಾನೂ ಕಾಣ್ತದ. ಮುಂದಕ್ಕ ಹೋಗು.

ಶಿಕ್ಷಕಿ: ಕಿರುಪರೀಕ್ಷಾ ಪೇಪರ್ ನಾನೇ ತೆಗೀತೀನಿ. ಐದು ವಾಕ್ಯ ಕೊಡ್ತೀನಿ: ಹಸಿದ ಡ್ಯಾಮು, ಶಹಾಬಾದಿ, ವಾಡಿ ಮೈಕಿನ ವಾಕ್ಯ, ಸಾವಿರ ಸಲ, ಅಪ್ಪನ ಹಂಗ ಗಾಡಿ ಹೊಡಿಯೋ ಮಗ. ಹೆಸರಿಗೆ ಅರ್ಧ ಮಾರ್ಕು, ಕಾರಣಕ್ಕ ಅರ್ಧ.

ಮಾಸ್ತರು: ಕಾರಣ ಕನ್ನಡದಾಗೂ ಬರೀಬಹುದು ಅಂತ ಮ್ಯಾಲ ಬರಿ. ಹೆಸರು ಗೊತ್ತಿಲ್ಲದವ ಕಾರಣ ಸರಿ ಬರೆದ್ರ ಪೂರ್ತಿ ಕೊಡು. ಕಡೀ ವಾಕ್ಯಕ್ಕ 'ಅಲಂಕಾರ ಇಲ್ಲ' ಅನ್ನೋದೇ ಸರಿ ಉತ್ತರ ಅಂತ ಕೀ ಉತ್ತರದಾಗ ಹಾಕು. ಎಲ್ಲಾ ವಾಕ್ಯದಾಗೂ ಏನೋ ಇರಲೇಬೇಕು ಅಂತ ತಿಳಕೊ‍ಂಡ ಹುಡುಗ ಹುಡುಕೋದು ಬಿಟ್ಟು ಊಹಿಸ್ತಾನ.

ಶಿಕ್ಷಕಿ: ಅಲ್ರೀ ಸರ್, ದಂಡಿ ಅಲಂಕಾರದ ಪಟ್ಟಿ ಶುರು ಮಾಡೋದೇ ಸ್ವಭಾವೋಕ್ತಿಯಿಂದ ಅಂತ ನೀವೇ ಹೇಳಿಕೊಟ್ಟೀರಿ. ಇದ್ದದ್ದು ಇದ್ದಂಗ ಹೇಳೋದೂ ಅಲಂಕಾರ. ಅದೇ ಹುಡುಗಿಯ ಇನ್ನೊಂದು ವಾಕ್ಯ ಕೇಳ್ರಿ: ಬೆಳ್ಳಕ್ಕಿ ನೀರಾಗ ಒಂಟಿ ಕಾಲಿನ ಮ್ಯಾಲ ನಿಂತದ, ಮೀನು ಹತ್ರ ಬರೋತನಕ ಕುತ್ತಿಗಿ ಸೈತ ಅಲ್ಲಾಡಿಸಲ್ಲ. ಎಲ್ಲೂ ಮುಗ್ಗರಿಸಿಲ್ಲ, ಏನೂ ತಿರುಗಿಲ್ಲ. ಇದಕ್ಕೂ 'ಅಲಂಕಾರ ಇಲ್ಲ' ಅನ್ಲೇನು?

ಮಾಸ್ತರು: ಆಲಂಕಾರಿಕ ಕುಂತಕ ಸ್ವಭಾವೋಕ್ತಿ ಅಲಂಕಾರ ಅಲ್ಲ ಅಂದಾನ. ಸ್ವಭಾವ ಅನ್ನೋದು ಅಲಂಕಾರ ತೊಡೋ ಮೈ, ಮೈಯೇ ಒಡವಿ ಆಗಲ್ಲ ಅಂತ ಆತನ ವಾದ. ದಂಡಿ ಆಗ್ತದ ಅಂದಾನ, ಮಳಖೇಡದವ್ರು ದಂಡಿ ಹಿಂದ ಹೋದ್ರು. ಅಪ್ಪ-ಮಗನ ವಾಕ್ಯ ಅಲಂಕಾರ ಅಲ್ಲ, ಬರೀ ಸುದ್ದಿ. ಈ ಬೆಳ್ಳಕ್ಕಿ ವಾಕ್ಯದಾಗ ಆಕಿ ನೋಡಿದ್ದು ಅದ, ಎಷ್ಟೋ ಹೊತ್ತು ನಿಂತು ನೋಡ್ಯಾಳ. ನಾನಾದ್ರ ಅಲಂಕಾರ ಅದ ಅಂತ್ಲೇ ಅಂತೀನಿ. ನೀ ಇದನ್ನ ಆರನೇ ಪ್ರಶ್ನೆ ಮಾಡು, ಮಕ್ಕಳು ಎರಡು ಪಂಗಡ ಆಗಿ ವಾದಿಸ್ಲಿ, ಮಾರ್ಕು ಇಡಬ್ಯಾಡ.